ಕೊಟ್ಟಿಗೆಯ ಪದ್ಮಿನಿ: ಕರಾವಳಿಯ ಒಂದು ಮನೆಯಲ್ಲಿ ನಾಲ್ಕು ವರ್ಷ ನಡೆದ ಹಳೆ ಕಾರಿನ ದುರಸ್ತಿ

ಮನೆಯ ಮೂಲೆಯಲ್ಲಿ ಅಪ್ಪನದೋ ಅಜ್ಜನದೋ ಕಾರು ನಿಂತಿದೆ, ಏನಾದರೂ ಮಾಡಬೇಕು ಎಂದು ಹೇಳುವವರು ನಮ್ಮ ಕಡೆ ಬಹಳ ಮಂದಿ. ಶುರು ಮಾಡುವವರು ಕಡಿಮೆ, ಮುಗಿಸುವವರು ಇನ್ನೂ ಕಡಿಮೆ. ಅರ್ಧಕ್ಕೆ ನಿಂತ ಕೆಲಸಗಳನ್ನು ನೋಡಿದ್ದೇನೆ: ಇಂಜಿನ್ ಒಂದು ಕಡೆ, ಬಾಗಿಲು ಅಟ್ಟದ ಮೇಲೆ, ನಟ್ಟು ಬೋಲ್ಟು ಬಿಸ್ಕತ್ತಿನ ಡಬ್ಬಿಯಲ್ಲಿ. ಕೊನೆಗೆ ಗುಜರಿಯವನು ಬಂದು ತೂಕಕ್ಕೆ ಹಾಕಿಕೊಂಡು ಹೋಗುತ್ತಾನೆ. ಇಲ್ಲಿ ಬರೆಯುತ್ತಿರುವುದು ಮುಗಿದ ಒಂದು ಕೆಲಸದ ಕಥೆ. ಡಿಪ್ಲೊಮಾ ಮಕ್ಕಳಿಗೆ ಆಟೊಮೊಬೈಲ್ ಪಾಠ ಮಾಡುವ ನಾನು ಈ ಕೆಲಸವನ್ನು ಹತ್ತಿರದಿಂದ ನೋಡಿದವನು. ಮಾಲೀಕರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದವರು, ಹಾಗಾಗಿ ಇಲ್ಲಿ ಮಾಸ್ತರು ಎಂದಷ್ಟೇ ಕರೆಯುತ್ತೇನೆ. ಊರು ಉಡುಪಿ ಜಿಲ್ಲೆಯ ಒಂದು ಹಳ್ಳಿ, ಸಮುದ್ರಕ್ಕೆ ದೂರವಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಕೆಲಸದ ವಿವರ ಇದ್ದದ್ದು ಇದ್ದ ಹಾಗೆ.

ಗಾಡಿ ಮತ್ತು ಅದರ ಸ್ಥಿತಿ

ಕಾರು 1978ರ ಪ್ರೀಮಿಯರ್ ಪದ್ಮಿನಿ. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಇಟಲಿಯ ಫಿಯೆಟ್ ಪರವಾನಗಿಯಲ್ಲಿ ಮಾಡುತ್ತಿದ್ದ 1100 ಮಾದರಿಯೇ ಎಪ್ಪತ್ತರ ದಶಕದಲ್ಲಿ ಮೊದಲು ಪ್ರೀಮಿಯರ್ ಪ್ರೆಸಿಡೆಂಟ್, ಆಮೇಲೆ ಪದ್ಮಿನಿ ಎಂದಾಯಿತು. 1089 ಸಿಸಿಯ ನಾಲ್ಕು ಸಿಲಿಂಡರಿನ ಇಂಜಿನ್, ಸ್ಟೀರಿಂಗ್ ಪಕ್ಕದ ಗೇರ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಹಿಂದೆ ಪಟ್ಟಿ ಸ್ಪ್ರಿಂಗು. ಮಾರುತಿ 800 ಬಂದದ್ದು 1983ರ ಕೊನೆಗೆ. ಅದಕ್ಕೆ ಮೊದಲು ಕಾರು ಬೇಕೆಂದವರು ಹಣ ಕಟ್ಟಿ ವರ್ಷಗಟ್ಟಲೆ ಸರದಿ ಕಾಯುತ್ತಿದ್ದರು. ಮಾಸ್ತರ ತಂದೆಯವರು ಹಾಗೆ ಕಾದು ತಂದ ಗಾಡಿ ಇದು.

2007ರ ಸುಮಾರಿಗೆ ತಂದೆಯವರಿಗೆ ಕಣ್ಣು ಮಂದವಾಯಿತು, ಗಾಡಿ ಕೊಟ್ಟಿಗೆ ಸೇರಿತು. ಹಂಚಿನ ಮಾಡು, ಮಣ್ಣಿನ ನೆಲ, ಪಡುವಣ ದಿಕ್ಕಿಗೆ ಗೋಡೆ ಅರ್ಧ ಮಾತ್ರ. ಮಳೆ ಹನಿ ತಾಗದಿರಲಿ ಎಂದು ಮೇಲಿಂದ ಟಾರ್ಪಾಲು ಬಿಗಿದರು. ಹೆಚ್ಚು ಹಾಳು ಮಾಡಿದ್ದು ಆ ಟಾರ್ಪಾಲೇ. ನೆಲದಿಂದ ಎದ್ದ ತೇವ ಹೊರಗೆ ಹೋಗಲು ದಾರಿಯಿಲ್ಲದೆ ತಗಡಿನ ಮೇಲೆ ಕೂರುತ್ತದೆ. ಉಪ್ಪು ಗಾಳಿಯ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಒಣಗುವುದೇ ಇಲ್ಲ. ಕರಾವಳಿಯಲ್ಲಿ ಗಾಡಿ ನಿಲ್ಲಿಸಿ ಇಡುವವರು ಮಾಡು ಗಟ್ಟಿಯಿದ್ದರೆ ಹೊದಿಕೆಯನ್ನೇ ಹಾಕದಿರುವುದು ಮೇಲು. ಹಾಕಿದರೂ ಹತ್ತಿಯ ಬಟ್ಟೆ ಇರಲಿ.

ತಂದೆಯವರು ತೀರಿಕೊಂಡ ಮೇಲೆ ಗಾಡಿಯನ್ನು ಕೊಡುವ ಮಾತು ಬಂದಿತ್ತು. ಅಮ್ಮ ಬೇಡವೆಂದರು. 2020ರ ಏಪ್ರಿಲ್, ಲಾಕ್‌ಡೌನ್, ಶಾಲೆಗೆ ಬೀಗ. ಮಾಸ್ತರು ಟಾರ್ಪಾಲು ಬಿಚ್ಚಿದರು.

ಮೊದಲ ಹೆಜ್ಜೆ ಮತ್ತು ಮುರಕಲ್ಲಿನ ಮೆಟ್ಟಿಲು

ಎಲ್ಲರೂ ಮಾಡುವುದನ್ನೇ ಅವರೂ ಮಾಡಿದರು, ಮೊದಲು ಇಂಜಿನ್‌ಗೆ ಕೈ ಹಾಕಿದರು. ಪ್ಲಗ್ ಬಿಚ್ಚಿ ನಾಲ್ಕೂ ಸಿಲಿಂಡರಿಗೆ ಡೀಸೆಲ್ ಮತ್ತು ಇಂಜಿನ್ ಆಯಿಲ್ ಬೆರೆಸಿ ಹನಿಸಿದರು. ಅವಸರ ಮಾಡದೆ ದಿನಕ್ಕಿಷ್ಟು ಹಾಕುತ್ತ ಬಿಟ್ಟರು. ಹಿಡಿದುಕೊಂಡಿದ್ದ ಪಿಸ್ಟನ್ ರಿಂಗು ಸಡಿಲವಾಗಿ, ಒಂದು ದಿನ ಕ್ರ್ಯಾಂಕ್ ಪುಲ್ಲಿಗೆ ಸ್ಪ್ಯಾನರ್ ಕೊಟ್ಟಾಗ ಇಂಜಿನ್ ತಿರುಗಿತು. ಈ ಭಾಗ ಅವರು ಚೆನ್ನಾಗಿಯೇ ಮಾಡಿದ್ದರು. ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆದಿದ್ದರೆ ರಿಂಗು ಮುರಿಯುವ ಸಾಧ್ಯತೆ ಇತ್ತು. ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟ್ ಸೆಟ್ಟನ್ನು ಉಪ್ಪುಕಾಗದದಲ್ಲಿ ಉಜ್ಜಿ, ಟ್ಯಾಂಕಿನ ತಂಟೆಗೆ ಹೋಗದೆ ಬಾಟಲಿಯಿಂದ ಪೆಟ್ರೋಲ್ ಕೊಟ್ಟು, ಜೂನ್ ಮೊದಲ ವಾರ ಇಂಜಿನ್ ಹೊತ್ತಿಸಿದರು. ಮನೆಯವರೆಲ್ಲ ಅಂಗಳಕ್ಕೆ ಬಂದರು.

ಆ ಉತ್ಸಾಹದಲ್ಲಿ ಗಾಡಿಯನ್ನು ಗೇರಿಗೆ ಹಾಕಿ ಅಂಗಳದಲ್ಲಿ ಒಂದು ಸುತ್ತು ತರೋಣ ಎಂದು ಹೊರಟರು. ನಿಲ್ಲಿಸಲು ತುಳಿದ ಪೆಡಲು ನೆಲ ಮುಟ್ಟಿತು. ಒಂಬತ್ತುನೂರು ಕಿಲೋ ಆಸುಪಾಸಿನ ಗಾಡಿ ಮೆಲ್ಲಗೆ ಹೋಗಿ ಜಗಲಿಯ ಮುರಕಲ್ಲಿನ ಮೆಟ್ಟಿಲಿಗೆ ಗುದ್ದಿ ನಿಂತಿತು. ಬಂಪರ್ ಬಾಗಿತು, ಯಾರಿಗೂ ಏನೂ ಆಗಲಿಲ್ಲ. ಆ ಜಗಲಿಯಲ್ಲಿ ಮಕ್ಕಳು ಕೂತಿದ್ದರು ಎಂಬುದನ್ನು ಮಾತ್ರ ಮಾಸ್ತರು ಇಂದಿಗೂ ಹೇಳುವಾಗ ದನಿ ತಗ್ಗಿಸುತ್ತಾರೆ.

ಬ್ರೇಕಿಗೆ ಆದದ್ದು ಇಷ್ಟು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹದಿಮೂರು ವರ್ಷ ನಿಂತ ಗಾಡಿಯ ವೀಲ್ ಸಿಲಿಂಡರುಗಳ ಒಳಗೋಡೆಗೆ ತುಕ್ಕು ಹಿಡಿದು, ರಬ್ಬರ್ ವಾಷರು ಅಲ್ಲೇ ಅಂಟಿಕೊಂಡಿತ್ತು. ತುಳಿದಾಗ ಅದು ಹರಿದು ಆಯಿಲ್ ಹೊರಗೆ ಬಂತು. ಆ ಕಾಲದ ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಸರ್ಕ್ಯೂಟ್. ಈಗಿನ ಕಾರಿನಲ್ಲಿ ಒಂದು ಕಡೆ ಸೋರಿದರೆ ಇನ್ನೊಂದು ಕಡೆ ಅರ್ಧ ಬ್ರೇಕಾದರೂ ಉಳಿಯುತ್ತದೆ, ಇದರಲ್ಲಿ ಒಂದು ಚಕ್ರದ ವಾಷರು ಹೋದರೆ ಎಲ್ಲವೂ ಹೋದ ಹಾಗೆ.

ತಂದೆಯವರ ಕಾಲದಿಂದ ಆ ಗಾಡಿ ನೋಡಿಕೊಂಡಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು ಹತ್ತಿರದ ಪೇಟೆಯಲ್ಲಿದ್ದರು, ಗ್ಯಾರೇಜು ಮಗನಿಗೆ ಬಿಟ್ಟು ಮನೆಯಲ್ಲಿದ್ದರು. ಸುದ್ದಿ ತಿಳಿದು ಅವರು ಬಂದು ಗಾಡಿಗೆ ಒಂದು ಸುತ್ತು ಬಂದರು. “ಎಂತ ಮಾಷ್ಟ್ರೇ, ಓಡುವುದು ಕಲಿಸಿದಿರಿ, ನಿಲ್ಲುವುದು ಯಾರು ಕಲಿಸುವುದು?” ಎಂದರು. ಆಮೇಲೆ ಒಂದು ಸ್ಕ್ರೂಡ್ರೈವರ್ ಕೇಳಿ ತಕ್ಕೊಂಡು, ಎಡಗಡೆ ಬಾಗಿಲ ಕೆಳಗೆ ಬಗ್ಗಿ ಕುಟ್ಟಿದರು. ಹಿಡಿಯವರೆಗೆ ಒಳಗೆ ಹೋಯಿತು. “ಇಂಜಿನ್ ಎಲ್ಲಿಗೂ ಓಡಿಹೋಗುವುದಿಲ್ಲ ಮಾರಾಯ್ರೇ. ಗಾಡಿಯೇ ಇಲ್ಲಿ ಕರಗುತ್ತಾ ಉಂಟು.”

ನಿಜವಾದ ಸಮಸ್ಯೆ

ಪದ್ಮಿನಿಗೆ ಅಂಬಾಸಡರಿನ ಹಾಗೆಯೇ ಪ್ರತ್ಯೇಕ ಚಾಸಿಸ್ ಇಲ್ಲ. ತಗಡಿನ ಬಾಡಿಯೇ ಭಾರ ಹೊರಬೇಕು. ಬಾಗಿಲ ಕೆಳಗೆ ಮುಂದಿನಿಂದ ಹಿಂದಕ್ಕೆ ಓಡುವ ಪೊಳ್ಳು ಪೆಟ್ಟಿಗೆಯನ್ನು ಸಿಲ್ ಎನ್ನುತ್ತಾರೆ. ಅದು ನೋಡಲು ಬರಿ ಅಂಚು, ಆದರೆ ಗಾಡಿಯ ಬೆನ್ನೆಲುಬು ಅದೇ. ಅದರ ತಳದಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಈ ಗಾಡಿಯಲ್ಲಿ ಅವು ಕೆಂಪು ಮಣ್ಣಿನಿಂದ ಮುಚ್ಚಿಹೋಗಿದ್ದವು. ಒಳಗಿದ್ದದ್ದು ಇಲಿ ತಂದು ತುಂಬಿದ ಅಡಿಕೆ ಸಿಪ್ಪೆ, ಅದು ನೀರು ಹಿಡಿದಿಟ್ಟುಕೊಂಡಿತ್ತು.

ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದು ಮಾಸ್ತರು ಇಡೀ ಬಾಡಿಯ ಮೇಲೆ ಓಡಿಸಿದರು. ಅಂಟಿದಲ್ಲಿ ತಗಡು, ಅಂಟದಲ್ಲಿ ಪುಟ್ಟಿ. ಚಾಕ್‌ಪೀಸಿನಲ್ಲಿ ಗುರುತು ಹಾಕುತ್ತ ಹೋದರು. ಎಡ ಸಿಲ್ಲಿನ ಮುಕ್ಕಾಲು ಭಾಗ, ಡ್ರೈವರ್ ಕಾಲಿನ ಕೆಳಗಿನ ಫ್ಲೋರು, ಹಿಂದಿನ ಚಕ್ರದ ಕಮಾನು, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ ಇಷ್ಟಕ್ಕೂ ಚಾಕ್ ಬಿತ್ತು. ತೊಂಬತ್ತರ ದಶಕದ ಯಾವುದೋ ರಿಪೇರಿಯಲ್ಲಿ ಸಿಲ್ಲಿನ ತೂತಿಗೆ ಫೈಬರ್ ಬಟ್ಟೆ ಮೆತ್ತಿ, ಮೇಲೆ ಪುಟ್ಟಿ ಬಳಿದು, ಡಾಂಬರು ಹೊಡೆದು ಮುಚ್ಚಿದ್ದರು. ನೋಡಲು ಚಂದವಿದ್ದ ಜಾಗವೇ ಹೆಚ್ಚು ಕೊಳೆತಿತ್ತು. ಹಳೆ ಗಾಡಿ ಕೊಳ್ಳಲು ಹೊರಟವರು ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡೇ ಹೋಗಬೇಕು.

ಇಲ್ಲಿ ಮಾಸ್ತರ ಮುಂದೆ ಮೂರು ದಾರಿ ಇದ್ದವು. ಇಡೀ ಗಾಡಿಯನ್ನು ಬೆಂಗಳೂರಿನ ರಿಸ್ಟೊರೇಶನ್ ಗ್ಯಾರೇಜಿಗೆ ಕಳಿಸುವುದು ಒಂದು. ಅವರು ಕೇಳಿದ ಮೊತ್ತ ಮಾಸ್ತರ ಕೈಗೆ ಎಟುಕುವಂತಿರಲಿಲ್ಲ. ಮಲೆನಾಡಿನ ಕಡೆ ಮಾರಾಟಕ್ಕಿದ್ದ ಇನ್ನೊಂದು ಕೆಟ್ಟ ಪದ್ಮಿನಿ ತಂದು ಎರಡನ್ನೂ ಸೇರಿಸಿ ಒಂದು ಮಾಡುವುದು ಎರಡನೆಯದು. ಕೊಟ್ಟಿಗೆಯಲ್ಲಿ ಜಾಗವಿಲ್ಲ, ಅಡಿಕೆ ಒಣಗಿಸುವ ಅಂಗಳದಲ್ಲಿ ಎರಡನೆಯ ಗುಜರಿ ನಿಲ್ಲಿಸಲು ಅಮ್ಮ ಬಿಡಲಿಲ್ಲ. ಅಮ್ಮ ಹೇಳಿದ್ದು ಸರಿ. ಸತ್ತ ಗಾಡಿ ಒಂದಿದ್ದರೆ ಕೆಲಸ, ಎರಡಿದ್ದರೆ ಗುಜರಿ ಅಂಗಡಿ. ಮೂರನೆಯದು, ಮನೆಯಲ್ಲೇ, ಸಂಬಳದಲ್ಲಿ ಉಳಿದಷ್ಟು ಹಣದಲ್ಲಿ, ನಿಧಾನವಾಗಿ.

ಮೂರನೆಯದನ್ನೇ ಆರಿಸಿಕೊಂಡರು. ಆದರೆ ಬಂಪರ್ ಬಾಗಿದ ಮೇಲೆ ಹಿರಿಯ ಮೆಕ್ಯಾನಿಕ್ ಜೊತೆ ಕೂತು ಎರಡು ಕಟ್ಟಳೆ ಹಾಕಿಕೊಂಡರು. ಇಡೀ ಕೆಲಸ ದಡ ಸೇರಿದ್ದು ಇವುಗಳಿಂದ ಎಂದು ನನ್ನ ನಂಬಿಕೆ.

ಒಂದು, ಒಂದು ಸಲಕ್ಕೆ ಒಂದೇ ಭಾಗ ಬಿಚ್ಚುವುದು. ಬ್ರೇಕು ಬಿಚ್ಚಿದರೆ ಬ್ರೇಕು ಮುಗಿದು ಗಾಡಿ ಚಕ್ರದ ಮೇಲೆ ನಿಲ್ಲುವವರೆಗೆ ಬೇರೆ ಯಾವ ನಟ್ಟಿಗೂ ಸ್ಪ್ಯಾನರ್ ಇಲ್ಲ. ಗಾಡಿ ಯಾವ ಹೊತ್ತಿಗೂ ತಳ್ಳಿದರೆ ಹೋಗುವ ಸ್ಥಿತಿಯಲ್ಲಿರಬೇಕು.

ಎರಡು, ತಗಡು ಬತ್ತಲೆ ಮಾಡುವ ಕೆಲಸ ಡಿಸೆಂಬರಿನಿಂದ ಏಪ್ರಿಲ್ ಒಳಗೆ ಮಾತ್ರ. ಮಳೆಗಾಲದಲ್ಲಿ ಉಜ್ಜಿದ ತಗಡು ಬೆಳಗಾಗುವುದರೊಳಗೆ ಕಂದು ತಿರುಗುತ್ತದೆ, ಅದರ ಮೇಲೆ ಪ್ರೈಮರ್ ಹೊಡೆದರೆ ತುಕ್ಕನ್ನು ಒಳಗಿಟ್ಟು ಬೀಗ ಹಾಕಿದಂತೆ. ಮಳೆಗಾಲಕ್ಕೆ ಮೇಜಿನ ಮೇಲೆ ಕೂತು ಮಾಡುವ ಕೆಲಸ: ಕಾರ್ಬೊರೇಟರ್, ಡೈನಮೊ, ವೈರಿಂಗ್, ಸೀಟು.

ಆ ಮಳೆಗಾಲ ಬ್ರೇಕಿನದ್ದಾಯಿತು. ನಾಲ್ಕು ಡ್ರಮ್ಮು, ವೀಲ್ ಸಿಲಿಂಡರುಗಳು, ಮಾಸ್ಟರ್ ಸಿಲಿಂಡರ್, ಹೋಸು, ಸ್ಟೀಲಿನ ಪೈಪು ಎಲ್ಲವೂ. ಗುಳಿ ಬಿದ್ದ ಸಿಲಿಂಡರುಗಳನ್ನು ಉಜ್ಜಿ ಮತ್ತೆ ಹಾಕುವ ಪದ್ಧತಿ ಇದೆ. ಮಾಸ್ತರು ಹೊಸದೇ ತಂದರು. ಈ ಒಂದು ವಿಷಯದಲ್ಲಿ ಚೌಕಾಸಿ ಬೇಡ ಎಂದು ನಾನೂ ಹೇಳಿದ್ದೆ.

ಎಡ ಸಿಲ್ಲಿನ ಬೇಸಿಗೆ

2020ರ ಡಿಸೆಂಬರಿನಲ್ಲಿ ಸಿಲ್ಲಿನ ಕೆಲಸ ಶುರುವಾಯಿತು. ವೆಲ್ಡಿಂಗನ್ನು ಮಾಸ್ತರು ತಾವೇ ಕಲಿತು ಮಾಡುವೆನೆಂದು ಹೊರಟಿದ್ದರು. ಭಾರ ಹೊರುವ ಜಾಗದಲ್ಲಿ ಕಲಿಯುವುದು ಬೇಡವೆಂದು ಬಿಡಿಸಿದೆವು. ಟಿಂಕರಿಂಗ್ (ಬಾಡಿಯ ತಗಡಿನ ಕೆಲಸ) ಮಾಡುವ ಒಬ್ಬರು ಭಾನುವಾರಗಳಲ್ಲಿ ಮನೆಗೇ ಬಂದು ಮಾಡಲು ಒಪ್ಪಿದರು. ಅವರ ಅಭ್ಯಾಸ ಗ್ಯಾಸ್ ವೆಲ್ಡಿಂಗ್. ಗ್ಯಾಸಿನ ಬೆಂಕಿಗೆ ತೆಳು ತಗಡು ಅಗಲಕ್ಕೆ ಕಾದು ಸೊಟ್ಟಗಾಗುತ್ತದೆ. ಹಾಗಾಗಿ ವಿದ್ಯುತ್ತಿನಿಂದ ಬೆಸೆಯುವ, ಬಿಸಿ ಅಷ್ಟು ಹರಡದ ಮಿಗ್ ವೆಲ್ಡಿಂಗ್ ಮೆಶಿನನ್ನು ಬಾಡಿಗೆಗೆ ತರಿಸಿದರು.

ಮೊದಲ ದಿನವೇ ಈ ಪ್ರಕರಣದ ದೊಡ್ಡ ತಿರುವು ಬಂತು. ಗಾಡಿಯನ್ನು ಮುಂದೆ ಹಿಂದೆ ಜಾಕಿ ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿದ್ದರು. ಗ್ರೈಂಡರ್ ಹಿಡಿದು ಕೊಳೆತ ಸಿಲ್ಲಿನ ಹೊರತಗಡನ್ನು ಒಂದು ಅಡಿಯಷ್ಟು ಕೊಯ್ದ ಮೇಲೆ ಮಾಸ್ತರು ಸುಮ್ಮನೆ ಬಾಗಿಲು ಹಾಕಲು ಹೋದರು. ಬೆಳಿಗ್ಗೆ ಸಲೀಸಾಗಿ ಕೂರುತ್ತಿದ್ದ ಬಾಗಿಲು ಮೇಲ್ಗಡೆ ಹಿಂದಿನ ಮೂಲೆಯಲ್ಲಿ ಕಚ್ಚಿತು. ಕೆಳಗಡೆ ಸಂದು ಅಗಲವಾಗಿತ್ತು. ಎರಡು ತುದಿಗೆ ಆಧಾರ ಕೊಟ್ಟು ನಡುವಿನ ಬೆನ್ನೆಲುಬು ಕೊಯ್ದದ್ದರಿಂದ ಗಾಡಿಯ ನಡು ತಗ್ಗಿತ್ತು, ಎರಡು ಕಂಬಗಳು ಮೇಲ್ಗಡೆ ಒಂದಕ್ಕೊಂದು ಹತ್ತಿರ ಬಂದಿದ್ದವು.

ಟಿಂಕರ್ ಭಾಯಿಗೆ ಅದೇನು ದೊಡ್ಡದೆನಿಸಲಿಲ್ಲ. “ಪ್ಯಾಚ್ ಹಾಕಿದ ಮೇಲೆ ಬಾಗಿಲು ಎಳೆದು ಕೂರಿಸುವ ಸಾರ್,” ಎಂದರು. ಹಾಗೆ ಮಾಡುವವರು ಬಹಳ ಮಂದಿ, ಎಷ್ಟೋ ಹಳೆ ಗಾಡಿಗಳ ಬಾಗಿಲು ಎತ್ತಿ ಬಡಿದರೇನೇ ಹಾಕಿಕೊಳ್ಳುವುದು ಇದೇ ಕಾರಣಕ್ಕೆ. ತಗ್ಗಿದ ಸ್ಥಿತಿಯಲ್ಲೇ ಹೊಸ ತಗಡು ಬೆಸೆದರೆ ಗಾಡಿ ಜೀವಮಾನವಿಡೀ ಹಾಗೇ ಸೊಟ್ಟಗೆ ಉಳಿಯುತ್ತದೆ. ಮುಂದಿನ ಗಾಜಿಗೆ ಒತ್ತಡ, ಬಾಗಿಲಿಗೆ ನೀರು, ಎಲ್ಲ ಅದರ ಹಿಂದೆಯೇ ಬರುತ್ತವೆ.

ಮಾಸ್ತರು ಕೆಲಸ ನಿಲ್ಲಿಸಿದರು. ಭಾಯಿಗೆ ಆ ದಿನದ ಕೂಲಿ ಪೂರ್ತಿ ಕೊಟ್ಟು ಕಳಿಸಿದರು. ಈ ಕ್ರಮ ನನಗೆ ಬಹಳ ಹಿಡಿಸಿತು. ಕೂಲಿ ಉಳಿಸಲು ಕೆಲಸ ಮುಂದುವರಿಸಿದ್ದರೆ ಮುಂದಿನದ್ದು ಬೇರೆಯೇ ಆಗುತ್ತಿತ್ತು. ಆ ವಾರ ಮಾಡಿದ್ದು ಹೀಗೆ: ಬಾಡಿಯ ನಡುವಿಗೆ ಉದ್ದಕ್ಕೂ ಗಟ್ಟಿ ಮರದ ಅಡ್ಡೆ ಕೊಟ್ಟು, ಅದರ ಕೆಳಗೆ ಜಾಕಿ ಇಟ್ಟು, ಕೂದಲೆಳೆಯಷ್ಟೇ ಎತ್ತುತ್ತ ಹೋದರು. ಅಳತೆಗೆ 6 ಮಿ.ಮೀ. ಪ್ಲೈವುಡ್ ಚೂರು. ಬಲಗಡೆಯ ಗಟ್ಟಿ ಬಾಗಿಲಿನ ಸಂದಿನಲ್ಲಿ ಆ ಚೂರು ಎಲ್ಲೆಲ್ಲಿ ಬಿಗಿ, ಎಲ್ಲೆಲ್ಲಿ ಸಡಿಲ ಎಂದು ಮೊದಲು ಬರೆದುಕೊಂಡರು. ಎಡಗಡೆಯೂ ಅದೇ ರೀತಿ ಬರುವವರೆಗೆ ಜಾಕಿ ಎತ್ತಿದರು. ಆಮೇಲೆ ಬಾಗಿಲ ಚೌಕಟ್ಟಿನೊಳಗೆ, ಹಿಂಜ್ ಇರುವ ಕಂಬದಿಂದ ನಡುಗಂಬಕ್ಕೆ ಕಬ್ಬಿಣದ ಆಂಗಲ್ ಎರಡು ಕಡೆ ಅಡ್ಡ ಕೊಟ್ಟು ಬಿಗಿದರು. ಇನ್ನು ಸಿಲ್ಲು ಪೂರ್ತಿ ತೆಗೆದರೂ ಚೌಕಟ್ಟು ಅಲುಗುವಂತಿರಲಿಲ್ಲ.

ಭಾಯಿ ಮತ್ತೆ ಬಂದರು. ಪ್ಲೈವುಡ್ ಚೂರನ್ನು ತಾವೇ ಕೈಗೆ ತಕ್ಕೊಂಡು ಸಂದಿನಲ್ಲಿ ಓಡಿಸಿ ನೋಡಿದರು. ಆಮೇಲಿನ ಪ್ರತಿ ಭಾನುವಾರ ವೆಲ್ಡಿಂಗಿಗೆ ಮೊದಲೂ ಆಮೇಲೂ ಅವರೇ ಅದನ್ನು ಕೇಳಿ ಪಡೆಯುತ್ತಿದ್ದರು. ಸಿಲ್ಲನ್ನು ಒಂದೇ ಸಲಕ್ಕೆ ಕೊಯ್ಯದೆ ತುಂಡು ತುಂಡಾಗಿ ತೆಗೆದು ಹಾಕಿದರು. ಸುಮಾರು ಒಂದು ಮಿಲಿಮೀಟರ್ ದಪ್ಪದ ಸಿಆರ್ (ಕೋಲ್ಡ್ ರೋಲ್ಡ್) ತಗಡನ್ನು ಹಳೆಯದರ ಆಕಾರಕ್ಕೆ ಮಡಿಸಿ, ಒಂದು ಟಾಕಿ (ಚುಕ್ಕೆ ಬೆಸುಗೆ) ಇಲ್ಲಿ, ಮುಂದಿನದು ದೂರದಲ್ಲಿ, ಬಿಸಿ ಒಂದೇ ಕಡೆ ಸೇರದ ಹಾಗೆ ಬೆಸೆದರು. ಪೆಟ್ಟಿಗೆ ಮುಚ್ಚುವ ಮೊದಲು ಒಳಮೈಗೆ ಸತುವಿನ ಪ್ರೈಮರ್. ನೀರು ಹೋಗುವ ತೂತುಗಳನ್ನು ಇದ್ದಲ್ಲೇ ಮತ್ತೆ ಕೊರೆದರು. ಪ್ರತಿ ತುಂಡಿಗೂ ಮಾಸ್ತರು ಫೋಟೊ ತೆಗೆದಿಟ್ಟರು: ಕೊಯ್ಯುವ ಮೊದಲು, ಕೊಯ್ದ ಮೇಲೆ, ಬೆಸೆದ ಮೇಲೆ.

ಸಿಲ್ಲಿನೊಳಗೆ ಸುಟ್ಟ ಇಂಜಿನ್ ಆಯಿಲ್ ಸಿಂಪಡಿಸುವ ಹಳೆ ಪದ್ಧತಿಯ ಬಗ್ಗೆ ಕೇಳುವವರಿದ್ದಾರೆ. ಅದು ತುಕ್ಕನ್ನು ಸ್ವಲ್ಪ ತಡೆಯುತ್ತದೆ, ನಿಜ. ಆದರೆ ಸಂದಿನಿಂದ ಒಸರಿ ಬಂದಲ್ಲೆಲ್ಲ ಮುಂದೆ ಪೇಂಟು ಹಿಡಿಯುವುದಿಲ್ಲ. ಪೇಂಟ್ ಆಗಬೇಕಾದ ಗಾಡಿಗೆ ಅದು ಬೇಡ. ಎಲ್ಲ ಮುಗಿದ ಮೇಲೆ ಮೇಣದ ಸ್ಪ್ರೇ ಹೊಡೆಯಬಹುದು.

ಕಾಗದ, ಗಡುವು, ಮತ್ತು ಬಿಟ್ಟುಕೊಟ್ಟ ಉಳಿತಾಯ

2021ರ ಮಳೆಗಾಲ ವೈರಿಂಗಿಗೆ, ಸೊಲೆಕ್ಸ್ ಕಾರ್ಬೊರೇಟರಿಗೆ, ಸೀಟಿಗೆ ಹೋಯಿತು. ಅದರ ಜೊತೆಗೇ ಕಾಗದದ ಕೆಲಸ. ಆರ್‌ಸಿ ತಂದೆಯವರ ಹೆಸರಿನಲ್ಲಿ, ಅವಧಿ ಮುಗಿದು ವರ್ಷಗಳಾಗಿದ್ದವು. ಗಾಡಿ ನೋಂದಣಿಯಾದಾಗ ಉಡುಪಿ ಇನ್ನೂ ದಕ್ಷಿಣ ಕನ್ನಡದೊಳಗಿತ್ತು, ಹಳೆ ದಾಖಲೆ ಮಂಗಳೂರಿನ ಆರ್‌ಟಿಒ ಕಚೇರಿಯ ರಿಜಿಸ್ಟರಿನಲ್ಲಿ. ಅದನ್ನು ಹುಡುಕಿಸಿ ಕಂಪ್ಯೂಟರಿಗೆ ಏರಿಸಿದರೇ ಮುಂದಿನ ಅರ್ಜಿ ಸಾಧ್ಯ. ಮಾಲೀಕರು ತೀರಿಕೊಂಡಾಗ ವಾರಸುದಾರರ ಹೆಸರಿಗೆ ಮಾಡಲು ಫಾರಂ 31, ಅದಕ್ಕೆ ಅಮ್ಮನ ಮತ್ತು ಅಕ್ಕನ ಒಪ್ಪಿಗೆ ಪತ್ರ. ಇಂಜಿನ್ ನಂಬರನ್ನೂ ಚಾಸಿಸ್ ನಂಬರನ್ನೂ ಗ್ರೀಸು ಒರೆಸಿ, ಪೇಂಟು ಕೆರೆದು ಆರ್‌ಸಿ ಪುಸ್ತಕದ ಜೊತೆ ತಾಳೆ ನೋಡಿದರು. ಎರಡೂ ಸರಿಯಿದ್ದವು. ಹಣ ಹಾಕುವ ಮೊದಲೇ ಮಾಡಬೇಕಾದ ಕೆಲಸ ಇದು. ಎಂದೋ ಇಂಜಿನ್ ಬದಲಾಗಿ ಪುಸ್ತಕದಲ್ಲಿ ದಾಖಲಾಗದಿದ್ದರೆ ಎಷ್ಟು ಚಂದ ಮಾಡಿದರೂ ಗಾಡಿ ಗೇಟು ದಾಟುವುದಿಲ್ಲ.

ಆ ಅಕ್ಟೋಬರಿನಲ್ಲಿ ಕೇಂದ್ರದ ಅಧಿಸೂಚನೆ ಬಂತು: 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್ 1ರಿಂದ 5,000 ಆಗುತ್ತದೆ. ಮಾರ್ಚ್ ಒಳಗೆ ಗಾಡಿಯನ್ನು ತಪಾಸಣೆಗೆ ಒಯ್ದರೆ ಅಷ್ಟು ಉಳಿಯುತ್ತಿತ್ತು. ಅದರೊಂದಿಗೆ ಮನೆಯವರ ಒತ್ತಾಯವೂ ಸೇರಿತು. ಫ್ಲೋರಿನ ತೂತಿಗೆ ತಾತ್ಕಾಲಿಕ ತಗಡು ರಿವೆಟ್ ಹೊಡೆದು, ಮೇಲೊಂದು ಕೈ ಪೇಂಟ್ ಬಳಿದು ಹೋಗಿಬಿಡೋಣ ಎಂಬ ಮಾತಾಯಿತು. ಹಿರಿಯ ಮೆಕ್ಯಾನಿಕ್ಕೂ ಅರ್ಧ ಮನಸ್ಸಿನಿಂದ ಹೂಂ ಅಂದಿದ್ದರು.

ಮಾಸ್ತರು ಒಪ್ಪಲಿಲ್ಲ. ಇಂಜಿನ್ ಒಂದು ಸಿಲಿಂಡರಿನಲ್ಲಿ ಮಿಸ್ ಹೊಡೆಯುತ್ತಿತ್ತು, ಹೊಗೆ ಪರೀಕ್ಷೆಯಲ್ಲಿ ನಿಲ್ಲುವ ಭರವಸೆ ಇರಲಿಲ್ಲ. ಅದಕ್ಕೆ ಕೈ ಹಾಕಿದರೆ ಫ್ಲೋರು ತೆರೆದಿಟ್ಟು ಇಂಜಿನ್ ಬಿಚ್ಚಿದಂತಾಗಿ ಮೊದಲ ಕಟ್ಟಳೆ ಮುರಿಯುತ್ತಿತ್ತು. ಹೆಚ್ಚಿನ ಶುಲ್ಕ ಕಟ್ಟುವುದೆಂದು ತೀರ್ಮಾನಿಸಿ ಗಡುವನ್ನು ಹೋಗಗೊಟ್ಟರು. ಹೊರಗಿನಿಂದ ನೋಡುವವರಿಗೆ ಹಣ ಕಳಕೊಂಡ ಹಾಗೆ ಕಾಣುತ್ತದೆ. ರಿವೆಟ್ ಹೊಡೆದ ಫ್ಲೋರನ್ನು ಮತ್ತೆ ಕಿತ್ತು ಬೆಸೆಯುವ ಖರ್ಚು ಅದಕ್ಕಿಂತ ಹೆಚ್ಚಾಗುತ್ತಿತ್ತು. ಹಾಗೆ ಒಮ್ಮೆ ಮುಚ್ಚಿದ್ದನ್ನು ಮತ್ತೆ ಬಿಚ್ಚುವ ಮನಸ್ಸು ಬರುವುದೂ ಕಷ್ಟ.

ಇಂಜಿನ್

ಅದರ ಸರದಿ ಬಂದದ್ದು 2022ರ ಮಳೆಗಾಲದಲ್ಲಿ. ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿದಾಗ ಒಂದು, ಎರಡು, ನಾಲ್ಕನೆಯ ಸಿಲಿಂಡರಿನಲ್ಲಿ 120 ಪಿಎಸ್‌ಐ ಆಸುಪಾಸು, ಮೂರನೆಯದರಲ್ಲಿ 70. ಅಲ್ಲಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರು, ಮುಳ್ಳು ಹೆಚ್ಚೇನೂ ಏರಲಿಲ್ಲ. ಆಯಿಲ್ ಹಾಕಿದಾಗ ಏರಿದರೆ ರಿಂಗಿನ ದೋಷ, ಏರದಿದ್ದರೆ ವಾಲ್ವು. ಈ ಸಣ್ಣ ಪರೀಕ್ಷೆಯಿಂದ ಇಡೀ ಇಂಜಿನ್ ಇಳಿಸಿ ಬೋರು ಮಾಡಿಸುವ ಖರ್ಚು ತಪ್ಪಿತು. ಹೆಡ್ ಮಾತ್ರ ಬಿಚ್ಚಿದರು, ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿನ ಅಂಚು ಸುಟ್ಟು ಕಚ್ಚಿಹೋಗಿತ್ತು. ಹೆಡ್ ಅಲ್ಯೂಮಿನಿಯಮ್ಮಿನದು, ಬಿಸಿಗೆ ಬಾಗುವ ಜಾತಿ. ಉಡುಪಿಯ ಲೇತ್ ಅಂಗಡಿಯಲ್ಲಿ ಮಟ್ಟ ಮಾಡಿಸಿ, ವಾಲ್ವು ಸೀಟು ಕಟ್ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದರು.

ಸಾಮಾನು ಸಿಗುವ ವಿಷಯ ಹೇಳಬೇಕು. ವಾಲ್ವು, ಗ್ಯಾಸ್ಕೆಟ್, ಬ್ರೇಕಿನ ಕಿಟ್ಟು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು. ಬಾಗಿಲಿನ ಹಿಡಿ, ಮೀಟರ್ ಗಾಜು, ಬಂಪರ್ ಚೆನ್ನೈಯ ಪುದುಪೇಟೆಯ ಹಳೆ ಸಾಮಾನಿನ ಅಂಗಡಿಗಳಿಂದ ಬಂತು. ಪದ್ಮಿನಿಯ ಬಿಡಿಭಾಗಗಳು ಇಷ್ಟು ಕಾಲ ಬಾಳಿದ್ದಕ್ಕೆ ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಗಳೇ ದೊಡ್ಡ ಕಾರಣ. ಅಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ, ಕೊನೆಯದು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಇನ್ನು ಕೊಳ್ಳುವವರು ನಮ್ಮಂಥ ಹವ್ಯಾಸಿಗಳು ಮಾತ್ರ. ಸವೆಯುವ ರಬ್ಬರು, ವಾಷರು, ಕ್ಲಚ್ ಪ್ಲೇಟು ಸಿಕ್ಕಾಗ ಎರಡು ಜೊತೆ ತಂದಿಟ್ಟುಕೊಳ್ಳುವುದು ಈಗ ಜಾಣತನ. ಬ್ರೇಕಿನ ರಬ್ಬರನ್ನು ಮಾತ್ರ ವರ್ಷಗಟ್ಟಲೆ ಕೂಡಿಡಬಾರದು, ಇಟ್ಟಲ್ಲೇ ಗಟ್ಟಿಯಾಗುತ್ತದೆ.

2023ರ ಜನವರಿಯಲ್ಲಿ ಗಾಡಿ ತಪಾಸಣೆಗೆ ಹೋಗಿ ಪಾಸಾಯಿತು. ಆಗ ಅದರ ಮೈಬಣ್ಣ ಆರ್‌ಸಿಯಲ್ಲಿದ್ದ ಕ್ರೀಮ್ ಹೌದು, ಆದರೆ ಒಂದೊಂದು ಪ್ಯಾನಲ್ಲಿಗೆ ಒಂದೊಂದು ಛಾಯೆ.

ಪೇಂಟಿಗೆ ಮೊದಲಿನ ಒಂದು ವರ್ಷ

ಪಾಸಾದ ಕೂಡಲೇ ಪೇಂಟ್ ಮಾಡಿಸುವುದು ಎಲ್ಲರ ಆಸೆ. ಮಾಸ್ತರು ಒಂದು ಮಳೆಗಾಲ ಓಡಿಸಿ ಆಮೇಲೆ ನೋಡೋಣ ಎಂದರು. ನನ್ನ ಕಣ್ಣಿಗೆ ಇದು ಸಿಲ್ಲಿನ ದಿನದಷ್ಟೇ ದೊಡ್ಡ ತೀರ್ಮಾನ. ಜೂನಿನ ಮೊದಲ ಜೋರು ಮಳೆಗೆ ಮುಂದಿನ ಗಾಜಿನ ರಬ್ಬರಿನ ಕೆಳಮೂಲೆಯಿಂದ ನೀರು ಒಳಗೆ ಇಳಿದು ಹೊಸ ಫ್ಲೋರಿನ ಮೇಲೆ ನಿಂತಿತು. ಅದೇ ನೀರು ಹಿಂದೆ ಹಳೆ ಫ್ಲೋರನ್ನು ತಿಂದದ್ದು ಎಂದು ಆಗ ಗೊತ್ತಾಯಿತು. ಗಾಜು ಬಿಚ್ಚಿದಾಗ ಚೌಕಟ್ಟಿನ ಅಂಚಿನಲ್ಲಿ ತುಕ್ಕು, ಅಯಸ್ಕಾಂತಕ್ಕೂ ಸಿಗದ ಜಾಗದಲ್ಲಿ. ಹಿಂದಿನ ಕಮಾನಿನ ಒಂದು ಬೆಸುಗೆಯಲ್ಲೂ ಕಂದು ಗೆರೆ ಕಾಣಿಸಿತು, ಅದನ್ನು ಕೊಯ್ದು ಮತ್ತೆ ಬೆಸೆದರು. ಹೊಸ ಪೇಂಟಿನ ಮೇಲೆ ಈ ಕೆಲಸ ಮಾಡಬೇಕಾಗಿ ಬಂದಿದ್ದರೆ ಅರ್ಧ ಪೇಂಟು ಮತ್ತೆ ಹೋಗುತ್ತಿತ್ತು. ಇನ್ನೂ ಹೆಚ್ಚಾಗಿ, ಪೇಂಟು ಹಾಳಾಗುತ್ತದೆಂದು ನೋಡಿಯೂ ನೋಡದ ಹಾಗೆ ಬಿಡುತ್ತಿದ್ದರೋ ಏನೋ.

2024ರ ಫೆಬ್ರವರಿಯಲ್ಲಿ ಪೇಂಟ್. ಅದನ್ನು ಮನೆಯಲ್ಲಿ ಮಾಡುವ ಹಂಬಲವನ್ನು ಮಾಸ್ತರು ಬಿಟ್ಟಿದ್ದರು. ಪಿಯು (ಪಾಲಿಯುರೆಥೇನ್) ಪೇಂಟಿನ ಹಾರ್ಡನರ್ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಮೂಲಿ ಬಟ್ಟೆಯ ಮಾಸ್ಕಿನಿಂದ ಪ್ರಯೋಜನವಿಲ್ಲ, ಕೊಟ್ಟಿಗೆಯ ಧೂಳು ಬೇರೆ. ಉಜ್ಜುವುದು, ಎಪಾಕ್ಸಿ ಪ್ರೈಮರಿಗೆ ತಯಾರಿ, ಕ್ರೋಮಿನ ಪಟ್ಟಿ ಬಿಚ್ಚುವುದು ಎಲ್ಲ ಮನೆಯಲ್ಲಿ, ಬಣ್ಣ ಮಾತ್ರ ಬೂತಿನಲ್ಲಿ. ಮೂಲ ಛಾಯೆ ಡ್ಯಾಶ್‌ಬೋರ್ಡಿನ ಹಿಂದೆ ಬಿಸಿಲು ಕಾಣದ ತಗಡಿನಲ್ಲಿ ಸಿಕ್ಕಿತು. ಮೆಟಾಲಿಕ್ ಹೊಳಪು ಹಾಕಿಸಿ ಎಂದವರಿದ್ದರು. ಆ ಕಾಲದ ಗಾಡಿಗೆ ಸಾದಾ ಬಣ್ಣವೇ ಒಪ್ಪುತ್ತದೆ, ಮುಂದೆ ಒಂದು ಬಾಗಿಲಿಗೆ ಏನಾದರೂ ಆದರೆ ಅದೊಂದಕ್ಕೆ ಹೊಡೆದು ಹೊಂದಿಸುವುದೂ ಸುಲಭ.

ಲೆಕ್ಕ ಮತ್ತು ಉಳಿದದ್ದು

ನಾಲ್ಕು ವರ್ಷದಲ್ಲಿ ಒಟ್ಟು ಖರ್ಚು ಮೂರು ಲಕ್ಷದ ಹತ್ತಿರ. ಹೆಚ್ಚಿನ ಪಾಲು ಕಣ್ಣಿಗೆ ಕಾಣದ ತಗಡಿಗೆ, ಆಮೇಲೆ ಪೇಂಟಿಗೆ. ಎಲ್ಲರೂ ಹೆದರುವ ಇಂಜಿನ್‌ಗೆ ತಗಲಿದ್ದು ಸಣ್ಣ ಮೊತ್ತ. ಮಾರಲು ಹೋದರೆ ಇಷ್ಟು ಬರುವ ಖಾತ್ರಿಯಿಲ್ಲ, ಲಾಭದ ಲೆಕ್ಕ ಹಿಡಿದು ಹೊರಟವರಿಗೆ ಈ ಕೆಲಸ ಹೇಳಿದ್ದಲ್ಲ. ಒಂದು ಸಲಕ್ಕೆ ಒಂದೇ ಭಾಗ ಎಂಬ ಕಟ್ಟಳೆಯಿಂದ ಖರ್ಚೂ ಕಂತು ಕಂತಾಗಿ ಬಂತು, ಸಾಲ ಮಾಡಬೇಕಾಗಲಿಲ್ಲ. ಮಗಳ ಕಾಲೇಜು ಫೀಸಿನ ವರ್ಷ ಗಾಡಿಯ ಕೆಲಸ ತಿಂಗಳುಗಟ್ಟಲೆ ನಿಂತಿತ್ತು. ಬಿಚ್ಚಿದ ಭಾಗ ಯಾವುದೂ ಇರಲಿಲ್ಲವಾದ್ದರಿಂದ ಏನೂ ಕಳೆದುಹೋಗಲಿಲ್ಲ.

ಎಲ್ಲವೂ ಬಗೆಹರಿದಿಲ್ಲ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್. ಅದು ತೇವ ಹೀರುತ್ತದೆ, ಹಳೆ ಮಾದರಿಯ ರಬ್ಬರ್ ಹೋಸನ್ನೂ, ಇಂಜಿನ್‌ಗೆ ಪೆಟ್ರೋಲ್ ಎತ್ತುವ ಪಂಪಿನ ಡಯಾಫ್ರಮ್ಮನ್ನೂ (ಒಳಗಿನ ಪೊರೆ) ಕೆಡಿಸುತ್ತದೆ. ಹೋಸುಗಳನ್ನು ಎಥೆನಾಲ್ ತಾಳುವಂಥದಕ್ಕೆ ಬದಲಿಸಿದ್ದಾರೆ. ಪಂಪಿನ ಡಯಾಫ್ರಮ್ ಪ್ರತಿ ಮಳೆಗಾಲ ಬಿಚ್ಚಿ ನೋಡುತ್ತಾರೆ. ವಾರಗಟ್ಟಲೆ ನಿಲ್ಲಿಸುವುದಿದ್ದರೆ ಕಾರ್ಬೊರೇಟರ್ ಖಾಲಿ ಮಾಡಿಡುತ್ತಾರೆ.

ಇನ್ನೊಂದು ಪ್ರಶ್ನೆ ಮುಂದಿದೆ. 2021ರ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ದಾಖಲಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ. ಬಾಡಿ ಅಥವಾ ಇಂಜಿನ್ ಮೂಲರೂಪ ಬದಲಾಗಿರಬಾರದು. ಈ ಗಾಡಿಗೆ 50 ತುಂಬುವುದು 2028ರಲ್ಲಿ. ಬೆಸುಗೆಯ ಫೋಟೊಗಳ ಕಡತ ಆಗ ಕೆಲಸಕ್ಕೆ ಬರಬಹುದು: ಹೊಸ ತಗಡು ಹಳೆಯದರ ಆಕಾರದಲ್ಲೇ ಇದೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಇಲ್ಲ. ಆದರೆ ವಿಂಟೇಜ್ ನೋಂದಣಿಯ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಇಂಥದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಮಾಸ್ತರಿಗೆ ಅದು ಬೇಡ. ಅಮ್ಮನನ್ನು ಉಡುಪಿಯ ಆಸ್ಪತ್ರೆಗೂ ಮದುವೆ ಮನೆಗೂ ಕರಕೊಂಡು ಹೋಗುವುದು ಈ ಗಾಡಿಯಲ್ಲೇ. ಮಾಮೂಲಿ ನೋಂದಣಿಯ ಮುಂದಿನ ನವೀಕರಣವೂ 2028ರ ಆರಂಭದಲ್ಲೇ ಬರುತ್ತದೆ. 20 ವರ್ಷ ದಾಟಿದ ಕಾರಿಗೆ ಅದರ ಶುಲ್ಕ 2025ರಿಂದ 10,000 ಆಗಿದೆ. ಅದನ್ನು ಕಟ್ಟಿ ಮಾಮೂಲಿಯಲ್ಲೇ ಮುಂದುವರಿಸುವುದೆಂದು ಅವರು ಈಗಲೇ ನಿರ್ಧರಿಸಿದ್ದಾರೆ. ಅಷ್ಟರೊಳಗೆ ಸ್ಟೀರಿಂಗಿನ ಆಟ (ಸಡಿಲ) ತೆಗೆಯಬೇಕು, ಬಲ ಸಿಲ್ಲನ್ನು ಮತ್ತೊಮ್ಮೆ ಒಳಗಿನಿಂದ ನೋಡಬೇಕು. ಬಲ ಸಿಲ್ಲಿನ ಕೆಲಸಕ್ಕೆ ಬರುವ ಡಿಸೆಂಬರ್ ಗೊತ್ತಾಗಿದೆ, ಟಿಂಕರ್ ಭಾಯಿಗೂ ಹೇಳಿಟ್ಟಾಗಿದೆ.